ಏಳು ವರ್ಷದ ಮಗಳಿಗೆ ಈಜಿಪ್ಟ್ ಹೇಳ್ಕೊಡೋದು ಹೇಗೆ? ಮಮ್ಮಿ ವಿಷಯ ಹೇಳ್ಲಾ ಬೇಡ್ವಾ?

ಪುಟ್ಟಿಯಮ್ಮ:
ಎಲ್ರಿಗೂ ನಮಸ್ಕಾರ. ಮಗಳು ಎರಡನೇ ಕ್ಲಾಸು. ಸ್ಕೂಲಲ್ಲಿ ಪಿರಮಿಡ್ ಮಾಡೆಲ್ ತನ್ನಿ ಅಂದಿದ್ರು, ಥರ್ಮಾಕೋಲ್ ಕತ್ತರಿಸಿ ಅಂಟಿಸಿ ಬಣ್ಣ ಹೊಡೆದಿದ್ದೆಲ್ಲ ನಾನೇ, ಅದು ಬಿಡಿ. ಈಗಿನ ಸಮಸ್ಯೆ ಏನಂದ್ರೆ ಯಾವುದೋ ಕಾರ್ಟೂನಲ್ಲಿ ಬ್ಯಾಂಡೇಜ್ ಸುತ್ಕೊಂಡು ಎದ್ದು ಓಡಾಡೋ ಮಮ್ಮಿ ನೋಡ್ಬಿಟ್ಟು ರಾತ್ರಿ ಒಬ್ಳೇ ಬಾತ್ರೂಮಿಗೆ ಹೋಗಲ್ಲ ಅಂತಾಳೆ, ಬೆಳಗಾದ್ರೆ ಮತ್ತೆ ಅದೇ ಪ್ರಶ್ನೆ, ಯಾಕೆ ಸುತ್ತಿದ್ರು, ಒಳಗೆ ಯಾರಿದಾರೆ, ಅಮ್ಮಂಗೂ ಮಮ್ಮಿ ಅಂತಾರಲ್ಲ ಯಾಕೆ ಅಂತ. ನಮ್ಮತ್ತೆ "ಹೆಣದ ಸುದ್ದಿ ಮಗೂಗ್ಯಾಕೆ ಹೇಳ್ತೀಯ" ಅಂತ ಬೈತಾರೆ. ಏನು ಹೇಳ್ಬೇಕು, ಎಲ್ಲಿಂದ ಶುರು ಮಾಡ್ಬೇಕು?

ನಿವೃತ್ತ ಮೇಷ್ಟ್ರು:
ಅಮ್ಮಾ, ಪಿರಮಿಡ್ಡಿಂದ ಶುರು ಮಾಡ್ಬೇಡಿ, ನದಿಯಿಂದ ಮಾಡಿ. ಸುತ್ತ ಮರಳುಗಾಡು, ಮಧ್ಯೆ ನೈಲ್, ವರ್ಷವರ್ಷ ಪ್ರವಾಹ ಬಂದು ಕಪ್ಪು ಮಣ್ಣು ಬಿಟ್ಟು ಹೋಗ್ತಿತ್ತು, ಅದರಲ್ಲೇ ಗೋಧಿ, ಬಾರ್ಲಿ. ತಮ್ಮ ದೇಶಕ್ಕೆ ಅವರು ಇಟ್ಕೊಂಡಿದ್ದ ಹೆಸರೇ ಕೆಮೆಟ್, ಅಂದ್ರೆ ಕಪ್ಪು ನೆಲ. ಆ ಕಾಲದ ಮಕ್ಕಳು ತಲೆ ಬೋಳಿಸ್ಕೊಂಡು ಒಂದು ಪಕ್ಕ ಮಾತ್ರ ಜಡೆ ಬಿಡ್ತಿದ್ರು ಅಂತ ಹೇಳಿ ನೋಡಿ, ನನ್ನ ಕ್ಲಾಸಲ್ಲಿ ಅರ್ಧ ಗಂಟೆ ನಗು ನಿಲ್ತಿರ್ಲಿಲ್ಲ.

ಆಮೇಲೆ ಪಿರಮಿಡ್. ಗುಲಾಮರನ್ನ ಚಾಟೀಲಿ ಹೊಡೆದು ಕಟ್ಟಿಸಿದ್ರು ಅಂತ ದಯವಿಟ್ಟು ಹೇಳ್ಬೇಡಿ. ಗೀಜಾದಲ್ಲಿ ಕೆಲಸಗಾರರ ಊರು, ಬ್ರೆಡ್ ಸುಡ್ತಿದ್ದ ಜಾಗ, ಅವರ ಸಮಾಧಿಗಳೂ ಸಿಕ್ಕಿವೆ, ರಾಜನ ಪಿರಮಿಡ್ ಹತ್ರಾನೇ ಮಣ್ಣು ಮಾಡಿದಾರೆ ಅಂದ್ರೆ ಗುಲಾಮರು ಅನ್ನೋಕಾಗುತ್ತಾ? ಮೆರೆರ್ ಅಂತ ಒಬ್ಬ ಮೇಸ್ತ್ರಿ, ತನ್ನ ತಂಡ ತುರಾದಿಂದ ದೋಣೀಲಿ ಸುಣ್ಣಕಲ್ಲು ಗೀಜಾಕ್ಕೆ ಸಾಗಿಸಿದ್ದನ್ನ ದಿನಾ ಬರೆದಿಟ್ಟಿದಾನೆ, ಖುಫು ರಾಜನ ಪಿರಮಿಡ್ಡಿಗೆ. ಅವನು ಬರೆದ ಪಪೈರಸ್, ಅಂದ್ರೆ ಜೊಂಡಿಂದ ಮಾಡಿದ ಕಾಗದ, 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಸಿಕ್ತು. ಮಕ್ಕಳಿಗೆ ರಾಜನಿಗಿಂತ ಈ ಮೆರೆರ್ ಬೇಗ ಹತ್ರ ಆಗ್ತಾನೆ.

ಕಾಲ ತಿಳಿಸೋಕೆ ರಸ್ತೇಲಿ ನಡೆಸಿ. ಒಂದು ಹೆಜ್ಜೆ ನೂರು ವರ್ಷ. ಹಿಂದಕ್ಕೆ 20 ಹೆಜ್ಜೆ ಇಟ್ರೆ ಕ್ಲಿಯೋಪಾತ್ರಾ. ಪಿರಮಿಡ್ ಸಿಗೋಕೆ ಅಲ್ಲಿಂದ ಇನ್ನೂ 25!

ಉಪ್ಪಿನಕಾಯಿ ಭರಣಿ:
ಅಕ್ಕ, ನಂದು ಸ್ವಲ್ಪ ಬೇರೆ ಅಭಿಪ್ರಾಯ. ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದ್ರೆ ಮಗು ಕೇಳ್ತಿರೋದು ಮಮ್ಮಿ ಬಗ್ಗೆ, ನದಿ ಬಗ್ಗೆ ಅಲ್ಲ, ಅದನ್ನ ಮುಚ್ಚಿಟ್ರೆ ಕಾರ್ಟೂನ್ ಹೇಳಿದ್ದೇ ತಲೇಲಿ ಕೂತ್ಕೊಳುತ್ತೆ. ನನ್ನ ಮಗನಿಗೂ ಹೀಗೇ ಆಗಿತ್ತು. ಅಡುಗೆಮನೆಗೆ ಕರ್ಕೊಂಡು ಹೋಗಿ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿ ತೋರಿಸ್ದೆ, ಬೆಳಗ್ಗೆ ನೋಡಿದ್ರೆ ನೀರು ಬಿಟ್ಕೊಂಡಿತ್ತು. ಅವರೂ ಇದನ್ನೇ ಮಾಡಿದ್ದು ಕಣೋ, ನೇಟ್ರಾನ್ ಅಂತ ಒಂಥರಾ ಉಪ್ಪಲ್ಲಿ ಮೈ ಹೂತು ಒಣಗಿಸ್ತಿದ್ರು, ಸುತ್ತೋದೆಲ್ಲ ಸೇರಿ 70 ದಿನದ ಕೆಲಸ ಅಂದೆ. ಆಮೇಲೆ ಸೇಬಿನ ಹೋಳು ತೂಕ ಮಾಡಿ, ಅಡುಗೆ ಸೋಡಾ ಉಪ್ಪು ಸಮಸಮ ಕಲಸಿ ಲೋಟದಲ್ಲಿ ಹೂತಿಟ್ವಿ, ಇನ್ನೊಂದು ಹೋಳು ಹಾಗೇ ತಟ್ಟೇಲಿ. ಮೊದಲ ಸಲ ಜಿಪುಣತನ ಮಾಡಿ ಪುಡಿ ಕಮ್ಮಿ ಹಾಕಿ ಮುಚ್ಚಳ ಬೇರೆ ಮುಚ್ಚಿಟ್ಟೆ, ಒಳಗೆಲ್ಲ ನೀರಾಗಿ ಬೂಸ್ಟು. ಎರಡನೇ ಸಲ ಪೂರ್ತಿ ಮುಳುಗೋಷ್ಟು ಹಾಕಿ, ಮೂರು ದಿನಕ್ಕೆ ಪುಡಿ ಬದಲಾಯಿಸ್ದೆ, ವಾರಕ್ಕೆ ಚರ್ಮದ ಥರ ಸುಕ್ಕಾಗಿ ಹಗುರ ಆಗಿತ್ತು. ತಟ್ಟೇಲಿದ್ದಿದ್ದರ ಗತಿ ಕೇಳ್ಬೇಡಿ.

ಲಿವರ್, ಶ್ವಾಸಕೋಶ, ಹೊಟ್ಟೆ, ಕರುಳು ತೆಗೆದು ಜಾಡೀಲಿ ಇಡ್ತಿದ್ರು, ಮಿದುಳು ಮೂಗಿಂದ ಎಳೀತಿದ್ರು ಅಂದಾಗ ನನಗೆ ಹೊಟ್ಟೆ ತೊಳೆಸ್ತು, ಅವನು ಇನ್ನೊಂದ್ಸಲ ಹೇಳು ಅಂದ!

ಊರೂರು ಸುತ್ತೋನು:
ಹೈದರಾಬಾದ್ ಕಡೆ ಹೋದ್ರೆ ಪಬ್ಲಿಕ್ ಗಾರ್ಡನ್ಸ್‌ನಲ್ಲಿರೋ ಸ್ಟೇಟ್ ಮ್ಯೂಸಿಯಂನಲ್ಲಿ ನಿಜವಾದ ಮಮ್ಮಿ ಇದೆ, ತೋರ್ಸಿ. ಇನ್ನೊಂದು, ಹೆಸರು ಬರೆಸೋ ಆಟ. ಅವರ ಚಿತ್ರಲಿಪೀಲಿ ಸ್ವರ ಬರೀತಿರ್ಲಿಲ್ಲ, ಕಾಗುಣಿತನೇ ಇಲ್ಲದ ಬರವಣಿಗೆ ಅನ್ಕೊಳಿ, ಕಮಲ ಅಂದ್ರೆ ಕ್ ಮ್ ಲ್ ಅಷ್ಟೇ. ಹಕ್ಕಿ, ಪ್ರಾಣಿ ಮುಖ ಯಾವ ಕಡೆ ಇದೆಯೋ ಆ ಕಡೆಯಿಂದ ಓದ್ಬೇಕು. ರಾಜರಾಣಿಯರ ಹೆಸರಿಗೆ ಮಾತ್ರ ಸುತ್ತ ಉದ್ದನೆ ಗೆರೆ. ನಮ್ಮಣ್ಣನ ಮಗಳು ಗೆರೆ ಇಲ್ದೆ ಹೆಸರು ಬರೆಯೋಕೆ ಒಪ್ಪಲೇ ಇಲ್ಲ.

ಪುಟ್ಟಿಯಮ್ಮ:
ಎಲ್ರಿಗೂ ಥ್ಯಾಂಕ್ಸ್. ಸೇಬು ಹೂತು ನಾಲ್ಕು ದಿನ ಆಯ್ತು, ಸ್ಕೂಲಿಂದ ಬಂದ ತಕ್ಷಣ ಬ್ಯಾಗ್ ಎಸೆದು ಅದನ್ನೇ ನೋಡೋದು. ಹೊಸ ಪ್ರಶ್ನೆ, ಮಿದುಳು ಎಸೆದ್ಬಿಟ್ರೆ ಮುಂದಿನ ಲೋಕದಲ್ಲಿ ಯೋಚ್ನೆ ಹೇಗೆ ಮಾಡ್ತಾರೆ ಅಂತೆ. ಮೇಷ್ಟ್ರೇ?

ನಿವೃತ್ತ ಮೇಷ್ಟ್ರು:
ಭಲೇ! ಯೋಚ್ನೆ ಮಾಡೋದು ಹೃದಯ ಅಂತ ಅವರು ನಂಬಿದ್ರು, ಅದಕ್ಕೇ ಅದನ್ನ ಮೈಯಲ್ಲೇ ಬಿಡ್ತಿದ್ರು. ಸತ್ತ ಮೇಲೆ ಆ ಹೃದಯನ ತಕ್ಕಡೀಲಿ ಇಟ್ಟು ಮಾತ್ ಅನ್ನೋ ಸತ್ಯದ ದೇವತೆಯ ಗರಿ ಜೊತೆ ತೂಗ್ತಾರೆ, ಹೃದಯ ಭಾರ ಇದ್ರೆ ಮೊಸಳೆ ತಲೆಯ ಅಮ್ಮಿಟ್ ನುಂಗುತ್ತೆ. ಇದನ್ನ ಮಾತ್ರ ಹಗಲಲ್ಲಿ ಹೇಳಿ.

ಪುಟ್ಟಿಯಮ್ಮ:
ತಡ ಆಯ್ತು ಸರ್, ನೀವು ಬರೆದಿದ್ದನ್ನ ನಮ್ಮತ್ತೆ ಆಗ್ಲೇ ಓದಿ ಹೇಳಿದಾರೆ. ನಮ್ಮ ಚಿತ್ರಗುಪ್ತನ ಥರಾನೇ ಅಂತೆ. ಇಬ್ರೂ ಕೂತು ಈಗ ತಕ್ಕಡಿ ಮಾಡ್ತಿದಾರೆ, ನನ್ನ ಎರಡು ಸ್ಟೀಲ್ ತಟ್ಟೆ ಹೋಯ್ತು.