ಡಿಸೆಂಬರ್‌ನಲ್ಲಿ ಅಮ್ಮ, ಮಗಳ ಜೊತೆ ಬವೇರಿಯಾ: ಹೋಗಿ ಬಂದವರು ಹೇಳಿ

ಬೆಂಗಳೂರಿನಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, 68 ವರ್ಷದ ಅಮ್ಮ. ಮಗಳ ಕ್ರಿಸ್‌ಮಸ್ ರಜೆಯಲ್ಲಿ ಈ ಸಲ ಹಿಮ ನೋಡಬೇಕು ಅಂತ ಎಲ್ಲರಿಗೂ ಆಸೆ. ಡಿಸೆಂಬರ್ 23ಕ್ಕೆ ಹೊರಟು ಜನವರಿ 2ಕ್ಕೆ ವಾಪಸ್ ಬರುವ ಯೋಚನೆ. ಜರ್ಮನಿಯ ಬವೇರಿಯಾದಲ್ಲಿ ಮ್ಯೂನಿಕ್, ನ್ಯೂರೆಂಬರ್ಗ್, ಫೋಟೋಗಳಲ್ಲಿ ಕಾಣುವ ಆ ಬಿಳಿ ಕೋಟೆ, ಆಮೇಲೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಕೊನೆಗೆ ಎರಡು ದಿನ ಸ್ವಿಟ್ಜರ್ಲೆಂಡ್. ಕ್ರಿಸ್‌ಮಸ್ ಮಾರ್ಕೆಟ್ ಮಾತ್ರ ನೋಡಲೇಬೇಕು. ಅಮ್ಮನಿಗೆ ಬಿಪಿ ಇದೆ, ಮಂಡಿ ನೋವೂ ಇದೆ. ನಾವು ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟಿಕೆಟ್ ಇನ್ನೂ ಮಾಡಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮ್ಯೂನಿಕ್‌ನಿಂದ:

ಟಿಕೆಟ್ ಮಾಡಿಲ್ಲ ಅಂದಿರಲ್ಲ, ಓದಿ ಸಮಾಧಾನ ಆಯಿತು. ಮೊದಲು ತಾರೀಕು ಬದಲಾಯಿಸಿ ಮೇಡಂ. ನೀವು 24ಕ್ಕೆ ಇಲ್ಲಿ ಇಳಿಯುವ ಹೊತ್ತಿಗೆ ಮಾರ್ಕೆಟ್ ಬಿಚ್ಚುತ್ತಿರುತ್ತಾರೆ. ನಮ್ಮಲ್ಲಿ ಹಬ್ಬ ಮುಗಿದ ಮೇಲೂ ಜಾತ್ರೆ ನಡೆಯುತ್ತದೆ. ಇಲ್ಲಿ ಹಾಗಲ್ಲ. ಇದು ಹಬ್ಬಕ್ಕೆ ಮುಂಚಿನ ನಾಲ್ಕು ವಾರದ ಸಂತೆ. ನವೆಂಬರ್ ಕೊನೆಗೆ ಶುರುವಾಗಿ, ಮ್ಯೂನಿಕ್‌ನ ನಡುವಿನ ಚೌಕ ಮರಿಯೆನ್‌ಪ್ಲಾಟ್ಸ್‌ನಲ್ಲೂ ನ್ಯೂರೆಂಬರ್ಗ್‌ನಲ್ಲೂ 24ರ ಮಧ್ಯಾಹ್ನಕ್ಕೆ ಮುಗಿದೇ ಹೋಗುತ್ತದೆ. ಕೆಲವು ಚಿಕ್ಕ ಊರುಗಳಲ್ಲಿ ಅದಕ್ಕೂ ಮೊದಲೇ. ನಾನು ಬಂದ ಮೊದಲ ವರ್ಷ 26ಕ್ಕೆ ಸ್ನೇಹಿತರನ್ನು ಕರೆದುಕೊಂಡು ಹೋಗಿದ್ದೆ. ಖಾಲಿ ಚೌಕದಲ್ಲಿ ಮರ ಒಂದು ನಿಂತಿತ್ತು. ಅವರ ಮುಖ ನೋಡಿ ತುಂಬಾ ಬೇಜಾರಾಯಿತು.

24ರ ಮಧ್ಯಾಹ್ನದಿಂದ ಅಂಗಡಿಗಳೂ ಮುಚ್ಚುತ್ತವೆ. 25, 26 ಎರಡೂ ದಿನ ರಜೆ. ಹಾಲು, ಬ್ರೆಡ್, ಹಣ್ಣು ಮೊದಲೇ ತಂದಿಟ್ಟುಕೊಳ್ಳಬೇಕು. ರೈಲು ಓಡುತ್ತವೆ, ಆದರೆ ಕಡಿಮೆ.

ಮಗಳ ಶಾಲೆ ಮೂರ್ನಾಲ್ಕು ದಿನ ತಪ್ಪಿದರೆ ಪರವಾಗಿಲ್ಲ ಅನ್ನುವುದಾದರೆ ನಾನು ಹೀಗೆ ಮಾಡುತ್ತಿದ್ದೆ. 18ರ ರಾತ್ರಿ ಹೊರಟು 19ಕ್ಕೆ ಮ್ಯೂನಿಕ್. 23ರವರೆಗೆ ಒಂದೇ ಮನೆಯಲ್ಲಿ ಇದ್ದು ಅಲ್ಲಿಂದಲೇ ಓಡಾಟ. 24ರ ಬೆಳಿಗ್ಗೆ ಸಾಲ್ಜ್‌ಬರ್ಗ್. ಅಲ್ಲಿನ ದೊಡ್ಡ ಚರ್ಚ್ ಮುಂದಿನ ಸಂತೆ ಜನವರಿ 1ರವರೆಗೂ ಇರುತ್ತದೆ, ಹಾಗಾಗಿ ಹಬ್ಬದ ಆಚೆಗೂ ನಿಮಗೆ ದೀಪ, ಬಿಸಿ ಬಿಸಿ ತಿಂಡಿ ಸಿಗುತ್ತದೆ. ಅಲ್ಲಿಂದ 29ರ ಹೊತ್ತಿಗೆ ಹೊರಡಬಹುದು. ಸ್ವಿಟ್ಜರ್ಲೆಂಡ್ ಈ ಸಲ ಬಿಟ್ಟುಬಿಡಿ. ಎರಡು ದಿನಕ್ಕೆ ಅಷ್ಟು ದೂರ ಹೋದರೆ ರೈಲಿನ ಕಿಟಕಿಯೇ ನೋಡಿದ್ದಾಗುತ್ತದೆ.

ಯಾಕೆ ಇಷ್ಟು ನಿಧಾನ ಅಂದರೆ, ಹಗಲು ತುಂಬಾ ಚಿಕ್ಕದು. ಡಿಸೆಂಬರ್ ಕೊನೆಗೆ ಸೂರ್ಯ ಏಳುವುದು ಎಂಟು ಗಂಟೆಗೆ, ಮುಳುಗುವುದು ನಾಲ್ಕೂವರೆಯ ಒಳಗೇ. ಬೆಂಗಳೂರಿನ ಲೆಕ್ಕದಲ್ಲಿ ಒಂದು ದಿನಕ್ಕೆ ಮೂರು ಜಾಗ ಬರೆದುಕೊಂಡರೆ ಒಂದೂ ಸರಿಯಾಗಿ ನೋಡಲು ಆಗುವುದಿಲ್ಲ. ಹಗಲಿಗೆ ಒಂದು ಜಾಗ, ಕತ್ತಲಾದ ಮೇಲೆ ಸಂತೆ. ಇಷ್ಟು ಸಾಕು. ಸಂತೆಗೆ ವಾರಾಂತ್ಯ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ವಾರದ ದಿನ ಮೂರೂವರೆಗೆ ಹೋಗಿ ನಿಂತರೆ, ಕತ್ತಲು ಇಳಿದು ಒಂದೊಂದೇ ದೀಪ ಎದ್ದು ಕಾಣುವುದನ್ನು ಮಗಳು ನೋಡುತ್ತಾಳೆ. ನನಗೆ ಇಡೀ ಚಳಿಗಾಲದಲ್ಲಿ ಅತಿ ಇಷ್ಟವಾದ ಗಳಿಗೆ ಅದು.

ಇನ್ನೊಂದು ವಿಷಯ. ಮ್ಯೂನಿಕ್ ಊರೊಳಗೆ ಹಿಮ ಇದ್ದೇ ಇರುತ್ತದೆ ಅಂತ ಮಗಳಿಗೆ ಮಾತು ಕೊಡಬೇಡಿ. 2023ರ ಡಿಸೆಂಬರ್ 2ರಂದು ಎಷ್ಟು ಬಿತ್ತು ಅಂದರೆ ಇಲ್ಲಿನ ವಿಮಾನ ನಿಲ್ದಾಣವೇ ನಿಂತುಹೋಯಿತು. ಆದರೆ ಕ್ರಿಸ್‌ಮಸ್ ಹತ್ತಿರ ಬಂದಾಗ ಸೆಕೆಗಾಳಿ ಬೀಸಿ ಎಲ್ಲ ಕರಗುವುದೂ ಸಾಮಾನ್ಯ. ಖಂಡಿತ ಹಿಮ ಬೇಕು ಅಂದರೆ ಮೇಲೆ ಹತ್ತಬೇಕು. ಗಾರ್ಮಿಶ್ ಹತ್ತಿರದ ತ್ಸುಗ್‌ಶ್ಪಿಟ್ಸೆ 2,962 ಮೀಟರ್, ಜರ್ಮನಿಯಲ್ಲೇ ಎತ್ತರದ ಬೆಟ್ಟ. ಕೇಬಲ್ ಕಾರ್ ತುದಿಯವರೆಗೂ ಹೋಗುತ್ತದೆ. ಆದರೆ ಅಮ್ಮನಿಗೆ ಬಿಪಿ ಇದೆ ಅಂದಿರಿ. ಅಷ್ಟು ಎತ್ತರಕ್ಕೆ ಒಮ್ಮೆಲೇ ಹೋಗಬಹುದಾ ಅಂತ ಅವರ ಡಾಕ್ಟರನ್ನು ಕೇಳಿಕೊಂಡೇ ಬನ್ನಿ. ಬೇಡ ಅಂದರೆ ಸಾಲ್ಜ್‌ಬರ್ಗ್ ಪಕ್ಕದ ಉಂಟರ್ಸ್‌ಬರ್ಗ್‌ಗೆ ಹೋಗಿ. ಕೇಬಲ್ ಕಾರ್ ನಿಲ್ಲುವುದು 1,776 ಮೀಟರ್‌ನಲ್ಲಿ, ಬುಡದವರೆಗೆ ಊರಿನ ಬಸ್ಸೇ ಹೋಗುತ್ತದೆ. ಎಲ್ಲಿಗೆ ಹೋದರೂ ಆ ದಿನ ಬೆಳಿಗ್ಗೆ ಬೆಟ್ಟದ ಮೇಲಿನ ಕ್ಯಾಮೆರಾ ಚಿತ್ರವನ್ನು ಮೊಬೈಲಲ್ಲಿ ನೋಡಿ, ಆಮೇಲೆ ಟಿಕೆಟ್ ತಗೊಳ್ಳಿ. ಮೋಡ ಕವಿದಿದ್ದರೆ ಮೇಲೆ ಬರೀ ಬಿಳಿ ಗೋಡೆ.

ಮೈಸೂರಿನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಆ ಬಿಳಿ ಕೋಟೆ ಬಗ್ಗೆ ನಾನು ಹೇಳುತ್ತೇನೆ, ಎರಡು ವರ್ಷದ ಹಿಂದೆ ಹೋಗಿದ್ದೆವು. ಹೆಸರು ನೊಯ್‌ಶ್ವಾನ್‌ಸ್ಟೈನ್. ನಿಜಕ್ಕೂ ಅದು ಕೋಟೆಯಲ್ಲ, ಅರಮನೆ. ಎರಡನೇ ಲೂಡ್ವಿಗ್ ಎಂಬ ದೊರೆ 1869ರಲ್ಲಿ ಕಟ್ಟಿಸಲು ಶುರು ಮಾಡಿದ. 1886ರಲ್ಲಿ ತೀರಿಕೊಂಡಾಗ ಕೆಲಸ ಇನ್ನೂ ಅರ್ಧದಲ್ಲಿತ್ತು. ಏಳು ವಾರಕ್ಕೇ ಅದನ್ನು ಜನರಿಗೆ ತೆರೆದರು. ಒಳಗೆ ಸಿಂಹಾಸನದ ಕೋಣೆ ಇದೆ, ಸಿಂಹಾಸನ ಇಲ್ಲ. ಅದು ಬರುವ ಮೊದಲೇ ದೊರೆ ಹೋಗಿದ್ದ. ಮೈಸೂರಿನ ಅಂಬಾವಿಲಾಸ ನೋಡಿ ಬೆಳೆದ ನನಗೆ ಆ ಖಾಲಿ ಜಾಗದ ಮುಂದೆ ನಿಂತಾಗ ಏನೋ ಸಂಕಟ ಆಯಿತು.

ಮ್ಯೂನಿಕ್‌ನಿಂದ ಅರಮನೆ ಹತ್ತಿರದ ಊರಾದ ಫ್ಯೂಸೆನ್‌ಗೆ ರೈಲಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸಲ್ಲಿ ಹತ್ತು ನಿಮಿಷ. ಬಯರ್ನ್ ಟಿಕೆಟ್ ಅಂತ ಇದೆ, ಒಂದೇ ಟಿಕೆಟ್‌ನಲ್ಲಿ ಐದು ಜನರವರೆಗೆ ದಿನವಿಡೀ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಸಾಲ್ಜ್‌ಬರ್ಗ್‌ಗೂ ಅದೇ ಟಿಕೆಟ್ ಆಗುತ್ತದೆ.

ಅರಮನೆಯ ಟಿಕೆಟ್ ಮನೆಯಿಂದಲೇ ಮಾಡಿಟ್ಟುಕೊಳ್ಳಿ. ಅದರಲ್ಲಿ ಸಮಯ ಬರೆದಿರುತ್ತದೆ, ತಪ್ಪಿಸಿಕೊಂಡರೆ ಒಳಗೆ ಬಿಡುವುದಿಲ್ಲ. ಡಿಸೆಂಬರ್ 24, 25, 31 ಮತ್ತು ಜನವರಿ 1 ಬಾಗಿಲು ಮುಚ್ಚಿರುತ್ತದೆ. ಕೆಳಗಿನ ಹಳ್ಳಿಯಿಂದ ಏರಿನಲ್ಲಿ ಅರ್ಧ ಗಂಟೆಗೂ ಮೇಲೆ ನಡಿಗೆ. ಹಿಮ ಬಿದ್ದರೆ ಮೇಲೆ ಹೋಗುವ ಬಸ್ ನಿಲ್ಲಿಸುತ್ತಾರೆ. ಫೋಟೋ ತೆಗೆಯುವ ಮರಿಯೆನ್ ಸೇತುವೆಯನ್ನೂ ಮುಚ್ಚುತ್ತಾರೆ. ಕುದುರೆ ಗಾಡಿ ಇದೆ, ಅದೂ ಬಾಗಿಲವರೆಗೆ ಹೋಗುವುದಿಲ್ಲ. ಒಳಗೆ ಹತ್ತಿ ಇಳಿಯುವ ಮೆಟ್ಟಿಲು 300ಕ್ಕೂ ಜಾಸ್ತಿ. ತೋರಿಸುವುದು ಬರೀ ಅರ್ಧ ಗಂಟೆ.

ಅಮ್ಮನ ಮಂಡಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಕೆಳಗೆ ಕೆರೆ ಇದೆ, ಅಲ್ಲಿಂದಲೂ ಸುತ್ತಲ ಬೆಟ್ಟಗಳು ಚೆನ್ನಾಗಿ ಕಾಣುತ್ತವೆ. ಯಾರಾದರೂ ಒಬ್ಬರು ಅವರ ಜೊತೆ ಬೆಚ್ಚಗಿನ ಹೋಟೆಲಲ್ಲಿ ಕೂರಲಿ. ಅವರಿಗೆ ಅರಮನೆ ಒಳಗಿಂದ ನೋಡಬೇಕು ಅಂತಿದ್ದರೆ ಮ್ಯೂನಿಕ್‌ನ ರೆಸಿಡೆನ್ಸ್‌ಗೆ ಕರೆದುಕೊಂಡು ಹೋಗಿ. ಊರ ನಡುವೆಯೇ ಇದೆ, ಬೆಟ್ಟ ಹತ್ತುವ ಕಷ್ಟ ಇಲ್ಲ, ಅದರ ಅಂಗಳದಲ್ಲೇ ಒಂದು ಪುಟ್ಟ ಕ್ರಿಸ್‌ಮಸ್ ಸಂತೆಯೂ ಕೂರುತ್ತದೆ.

ನ್ಯೂರೆಂಬರ್ಗ್‌ನಿಂದ, ಓದುತ್ತಿರುವವನು:

ಅಕ್ಕಾ, ನಮ್ಮೂರಿನ ಸಂತೆ ತಪ್ಪಿಸಬೇಡಿ. ಮ್ಯೂನಿಕ್‌ನಿಂದ ವೇಗದ ರೈಲಲ್ಲಿ ಒಂದು ಗಂಟೆ ಚಿಲ್ಲರೆ. ಕೆಂಪು ಬಿಳಿ ಪಟ್ಟೆ ಬಟ್ಟೆ ಹೊದಿಸಿದ ಮರದ ಅಂಗಡಿಗಳ ಸಾಲು, ಹಿಂದೆ ಚರ್ಚ್. ಮಗಳಿಗೆ ಪಕ್ಕದ ಹಾನ್ಸ್ ಸಾಕ್ಸ್ ಚೌಕದಲ್ಲಿ ಮಕ್ಕಳದ್ದೇ ಬೇರೆ ಸಂತೆ ಇದೆ, ತಿರುಗುವ ಕುದುರೆ ಎಲ್ಲ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಊರಿನ ಒಬ್ಬ ಹುಡುಗಿಯನ್ನು ಕ್ರಿಸ್ಟ್‌ಕಿಂಡ್, ಅಂದರೆ ಮಕ್ಕಳಿಗೆ ಉಡುಗೊರೆ ತರುವ ಹಬ್ಬದ ದೇವತೆ, ಅಂತ ಆರಿಸುತ್ತಾರೆ. ಚಿನ್ನದ ಬಣ್ಣದ ಉಡುಪು, ಕಿರೀಟ ಹಾಕಿಕೊಂಡು ಅವಳು ಸಂತೆಗೂ ಬರುತ್ತಾಳೆ. ನಿಮ್ಮ ಮಗಳಿಗೆ ಸಿಕ್ಕರೆ ಖುಷಿಯೋ ಖುಷಿ.

ಊಟಕ್ಕೆ: ಆಲೂಗಡ್ಡೆ ತುರಿದು ಕರಿದ ರೊಟ್ಟಿಯಂಥದ್ದು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ನಾವು ಮೂರು ಜನ ಸಸ್ಯಾಹಾರಿ ಹುಡುಗರು ಡಿಸೆಂಬರ್ ಪೂರ್ತಿ ಅದರಲ್ಲೇ ಬದುಕುತ್ತೇವೆ. ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯ, ಅಮ್ಮನಿಗೆ ಕೇಳಿಯೇ ಕೊಡಿಸಿ. ‘ಓನೆ ಐ’ ಅಂದರೆ ಮೊಟ್ಟೆ ಇಲ್ಲದ್ದು, ‘ಓನೆ ಫ್ಲೈಶ್’ ಅಂದರೆ ಮಾಂಸ ಇಲ್ಲದ್ದು. ಸುಟ್ಟ ಚೆಸ್ಟ್‌ನಟ್ ಚಿಂತೆಯಿಲ್ಲದೆ ತಿನ್ನಬಹುದು. ತರಕಾರಿ ಸೂಪ್ ಅಂದರೂ ಮಾಂಸದ ಕಟ್ಟಿನಲ್ಲಿ ಮಾಡಿರಬಹುದು, ಕೇಳಿ. ಮಗಳಿಗೆ ಬಿಸಿ ಪಾನೀಯ ಬೇಕಾದರೆ ‘ಕಿಂಡರ್‌ಪುನ್ಶ್’ ಅನ್ನಿ, ಅದರಲ್ಲಿ ಮದ್ಯ ಇರುವುದಿಲ್ಲ. ಲೋಟಕ್ಕೆ ಅಂತ ಜಾಸ್ತಿ ದುಡ್ಡು ಹಿಡಿಯುತ್ತಾರೆ, ಲೋಟ ವಾಪಸ್ ಕೊಟ್ಟರೆ ದುಡ್ಡೂ ವಾಪಸ್.

ಊರಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತನ್ನಿ. ತುಪ್ಪ, ಪನೀರ್ ತರಬೇಡಿ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗೆ ಬಿಡುವುದಿಲ್ಲ.

ಮಂಗಳೂರಿನಿಂದ:

ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಜರ್ಮನಿ, ಆಸ್ಟ್ರಿಯಾ ಎರಡಕ್ಕೂ ಒಂದೇ ಷೆಂಗೆನ್ ವೀಸಾ. ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ನಿಮ್ಮ ಹೊಸ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತದೆ, ರಾತ್ರಿಗಳನ್ನು ಎಣಿಸಿಯೇ ಹೋಟೆಲ್ ಮಾಡಿ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಡಿಸೆಂಬರ್‌ಗೆ ಎಲ್ಲರೂ ಮುಗಿಬೀಳುತ್ತಾರೆ, ಸೆಪ್ಟೆಂಬರ್‌ನಲ್ಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಇನ್ಶೂರೆನ್ಸ್ ಕಡಿಮೆ ಅಂದರೂ 30,000 ಯೂರೋದ್ದು ಬೇಕು. ಅಮ್ಮನದ್ದು ಮಾಡುವಾಗ ಬಿಪಿ ಇದೆ ಅಂತ ಮುಚ್ಚಿಡದೆ ಬರೆಸಿ.

ಹುಬ್ಬಳ್ಳಿಯಿಂದ:

ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಮ್ಮವ್ವನನ್ನು ಕರೆದುಕೊಂಡು ಹೋಗಿದ್ದೆ, 70 ವರ್ಷ. ದುಬಾರಿ ಜಾಕೆಟ್ ಕೊಡಿಸಿದ್ದೆ. ಕಾಲಿಗೆ ಮಾತ್ರ ಮನೆಯಲ್ಲಿದ್ದ ವಾಕಿಂಗ್ ಶೂ. ಮೂರನೇ ದಿನ ಸಂಜೆ ಸಂತೆಯಿಂದ ವಾಪಸ್ ಬರುವಾಗ ಕಲ್ಲುಹಾಸಿನ ಮೇಲೆ ಜಾರಿ ಬಿದ್ದರು. ಹಗಲು ಕರಗಿದ ಹಿಮ ಸಂಜೆ ಗಾಜಿನಂತೆ ಗಟ್ಟಿಯಾಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಮಣಿಕಟ್ಟು ಬಿರುಕು ಬಿಟ್ಟಿತು. ಉಳಿದ ಐದು ದಿನ ಅವ್ವ ಹೋಟೆಲ್ ಕಿಟಕಿ ಪಕ್ಕ ಕೂತರು. ‘ನೀವು ನೋಡಿ ಬರ್ರಿ’ ಅಂತ ನಮ್ಮನ್ನು ಕಳಿಸುತ್ತಿದ್ದರು. ಅದು ನನಗೆ ಇವತ್ತಿಗೂ ನೋವು.

ಅದಕ್ಕೇ ಹೇಳುತ್ತಿದ್ದೇನೆ, ಮೊದಲ ಖರ್ಚು ಬೂಟಿಗೆ. ನೀರು ಒಳಗೆ ಹೋಗದ, ಕಣಕಾಲು ಮುಚ್ಚುವ, ತಳದಲ್ಲಿ ಆಳವಾದ ಗೆರೆ ಇರುವ ಬೂಟು. ಉಣ್ಣೆ ಕಾಲುಚೀಲ ಹಾಕಿ ನೋಡಿ ತಗೊಳ್ಳಿ, ಅರ್ಧ ಸೈಜ್ ದೊಡ್ಡದಿರಲಿ. ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿಯೂ ಸಿಗುತ್ತದೆ, ಅಮ್ಮನ ಕೈಚೀಲದಲ್ಲಿ ಒಂದು ಜೊತೆ ಇರಲಿ. ಹೊರಡುವ ಹದಿನೈದು ದಿನ ಮೊದಲಿಂದ ಮನೆ ಹತ್ತಿರ ಅದೇ ಬೂಟಲ್ಲಿ ನಡೆಸಿ. ಇನ್ಶೂರೆನ್ಸ್‌ನವರ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ. ತುರ್ತು ಇದ್ದರೆ 112. ಬಿಪಿ ಮಾತ್ರೆ, ಡಾಕ್ಟರ್ ಚೀಟಿ ಎರಡೂ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ.

ಬೆಂಗಳೂರಿನಿಂದ, ಕೇಳಿದವರು:

ಎಲ್ಲರಿಗೂ ಕೈಮುಗಿದು ಧನ್ಯವಾದ. ರಾತ್ರಿ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. 18ಕ್ಕೇ ಹೊರಡುತ್ತೇವೆ, ಸ್ವಿಟ್ಜರ್ಲೆಂಡ್ ಕೈಬಿಟ್ಟೆವು. ಬಿಳಿ ಅರಮನೆಗೆ ಯಜಮಾನರು, ಮಗಳು ಹೋಗುತ್ತಾರೆ, ನಾನು ಅಮ್ಮನ ಜೊತೆ ಕೆರೆ ಹತ್ತಿರ ಇರುತ್ತೇನೆ. ಹುಬ್ಬಳ್ಳಿಯ ಅಕ್ಕಾ, ನಿಮ್ಮ ಮಾತು ಕೇಳಿ ಅಮ್ಮನೇ ಬೂಟು ತರೋಣ ನಡಿ ಅಂದರು. ಇನ್ನೊಂದೇ ಪ್ರಶ್ನೆ. ಅಮ್ಮ ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಪ್ಯಾಂಟ್ ಬೇಡ ಅನ್ನುತ್ತಾರೆ. ಏನು ಮಾಡಲಿ?

ಹುಬ್ಬಳ್ಳಿಯಿಂದ:

ಸೀರೆಯೇ ಉಡಲಿ ತಂಗಿ, ನಮ್ಮವ್ವನೂ ಸೀರೆಯಲ್ಲೇ ಬಂದಿದ್ದರು. ಒಳಗೆ ಮೈಗೆ ಅಂಟುವ ಥರ್ಮಲ್ ಪ್ಯಾಂಟ್, ಅದರ ಮೇಲೆ ಲಂಗ, ಆಮೇಲೆ ಸೀರೆ. ಹೊರಗೆ ಕಾಣುವುದೇ ಇಲ್ಲ ಅಂದರೆ ಒಪ್ಪುತ್ತಾರೆ. ಹತ್ತಿಯದು ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಸಿಂಥೆಟಿಕ್ ಸೀರೆ ಸಾಕು. ನೆರಿಗೆಯನ್ನು ನಾಲ್ಕು ಬೆರಳು ಮೇಲೆ ಎತ್ತಿ ಉಡಿಸಿ, ಇಲ್ಲದಿದ್ದರೆ ರಸ್ತೆಯ ಕೆಸರು ಹಿಮ ಎಲ್ಲ ಅಂಚಿಗೆ ಹತ್ತಿ, ಕಾಲಿಗೆ ತೊಡರುತ್ತದೆ. ಬ್ಲೌಸ್ ಮೇಲೆ ತೆಳು ಉಣ್ಣೆ ಸ್ವೆಟರ್, ಸೆರಗು ಒಳಗೆ ಸೇರಿಸಿ ಮಂಡಿ ಕೆಳಗಿನವರೆಗೆ ಬರುವ ಉದ್ದ ಕೋಟು. ಅಂಗಡಿ, ರೈಲು ಒಳಗೆಲ್ಲ ಬೆಚ್ಚಗಿರುತ್ತದೆ, ಕೋಟು ತೆಗೆದರೆ ಸಾಕಾಗಬೇಕು. ಕಿವಿ ಮುಚ್ಚುವ ಟೋಪಿ ಮಾತ್ರ ಮರೆಯಬೇಡಿ.