ಬಾವಿ ನೀರಿಗೆ ಚಿನ್ನದ ಕಣದ ಪಟ್ಟಿ: ನಂಬಬಹುದಾ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಬಾವಿ ನೀರು ಕದಡುತ್ತದೆ. ಹೋದ ವರ್ಷ ಮಗಳಿಗೆ ವಾಂತಿಭೇದಿಯಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದೆವು. ನೀರಿಗೆ ಅದ್ದಿ ನೋಡುವ ನ್ಯಾನೊ ಚಿನ್ನದ ಪಟ್ಟಿಯಲ್ಲಿ ಹದಿನೈದೇ ನಿಮಿಷಕ್ಕೆ ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಗೊತ್ತಾಗುತ್ತದೆ ಅಂತ ಓದಿದೆ. ತರಿಸಿಕೊಳ್ಳಲಾ?

ಉತ್ತರ (ಸೂಕ್ಷ್ಮಜೀವಿ ಪ್ರಯೋಗಾಲಯದಿಂದ): ಮಗು ಈಗ ಹುಷಾರಾಗಿದ್ದಾಳೆ ಅಲ್ವಾ? ಮನೆ ಬಾವಿಗೆ ಈ ಪಟ್ಟಿ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ಕೇಳಿ.

ಗರ್ಭಿಣಿ ಹೌದೋ ಅಲ್ಲವೋ ನೋಡುವ ಕಿಟ್‌ನಲ್ಲಿ ಕೆಂಪು ಗೆರೆ ಬರುತ್ತದಲ್ಲ, ಅದು ಸಾಮಾನ್ಯವಾಗಿ ಚಿನ್ನದ ಕಣಗಳದೇ ಬಣ್ಣ. ಚಿನ್ನವನ್ನು 20–40 ನ್ಯಾನೊಮೀಟರಿನಷ್ಟು (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಸಣ್ಣದು ಮಾಡಿದರೆ ಹಳದಿ ಹೋಗಿ ಮಾಣಿಕ್ಯದ ಕೆಂಪು ಬರುತ್ತದೆ. ನನಗೆ ಇವತ್ತಿಗೂ ಅದನ್ನು ನೋಡುವುದೆಂದರೆ ಖುಷಿ. ನೀರಿನ ಪಟ್ಟಿಯಲ್ಲೂ ಇಂಥ ಕಣಗಳಿಗೆ ಆ್ಯಂಟಿಬಾಡಿ, ಅಂದರೆ ಗೊತ್ತಾದ ಬ್ಯಾಕ್ಟೀರಿಯಾವನ್ನು ಗುರುತಿಸಿ ಹಿಡಿಯುವ ಪ್ರೊಟೀನ್, ಅಂಟಿಸಿರುತ್ತಾರೆ. ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಕಣಗಳು ಅದಕ್ಕೆ ಮೆತ್ತಿಕೊಳ್ಳುತ್ತವೆ. ಗೆರೆಯ ಜಾಗದಲ್ಲಿ ಇನ್ನೊಂದು ಆ್ಯಂಟಿಬಾಡಿ ಆ ಬ್ಯಾಕ್ಟೀರಿಯಾವನ್ನು ಹಿಡಿದು ನಿಲ್ಲಿಸುತ್ತದೆ. ಕಣಗಳು ಅಲ್ಲಿ ಗುಂಪಾದಾಗ ಗೆರೆ ಕಣ್ಣಿಗೆ ಕಾಣುತ್ತದೆ.

ತೊಂದರೆ ಇರುವುದು ಲೆಕ್ಕದಲ್ಲಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಒಂದು ಇ. ಕೋಲಿಯೂ ಸಿಗಬಾರದು. ಇಂಥ ಪಟ್ಟಿಯಲ್ಲಿ ಗೆರೆ ಮೂಡಲು ಸಾಮಾನ್ಯವಾಗಿ ಒಂದೇ ಮಿ.ಲೀ.ನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಬ್ಯಾಕ್ಟೀರಿಯಾ ಇರಬೇಕು. ಗೆರೆ ಬರಲಿಲ್ಲ ಅಂತ ಆ ನೀರನ್ನು ಮಗುವಿಗೆ ಕೊಟ್ಟರೆ? ಅದೇ ನನ್ನ ಭಯ. ಇನ್ನೊಂದು, ಎಷ್ಟೋ ಪಟ್ಟಿಗಳು ಒ157 ಅನ್ನುವ ಒಂದು ತಳಿಯನ್ನು ಮಾತ್ರ ಹುಡುಕುತ್ತವೆ.

ಪ್ರಶ್ನೆ: ಹಾಗಾದರೆ ಲ್ಯಾಬಿನವರು ಯಾಕೆ ಬಳಸುತ್ತಾರೆ?

ಉತ್ತರ: ಅವರು ಮೊದಲು ಮಾದರಿಯನ್ನು ಪೋಷಕ ದ್ರವದಲ್ಲಿ ಕೆಲವು ಗಂಟೆ ಬೆಚ್ಚಗಿಟ್ಟು ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಆಮೇಲೆ ಪಟ್ಟಿ ಅದ್ದುತ್ತಾರೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ, ರೋಗಾಣುವನ್ನೇ ಸಾಕಿದಂತಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರಿನಲ್ಲಿ ಸತ್ತ ಬ್ಯಾಕ್ಟೀರಿಯಾಕ್ಕೂ ಗೆರೆ ಬರಬಹುದು, ಅದೂ ಗೊಂದಲವೇ.

ನೀವು ಪಂಚಾಯಿತಿಯಲ್ಲಿ ಎಚ್‌ಟುಎಸ್ ಬಾಟಲಿ (ನೀರಿನಲ್ಲಿ ಮಲದ ಅಂಶ ಇದೆಯೇ ನೋಡುವ ಪರೀಕ್ಷಾ ಬಾಟಲಿ) ಕೇಳಿ. ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲದ ಅಂಶ ಸೇರಿರುವ ಸಾಧ್ಯತೆ ಜಾಸ್ತಿ. ಕಪ್ಪಾಗದಿದ್ದರೂ ಮಳೆಗಾಲ ಮುಗಿಯುವವರೆಗೆ ನೀರು ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ಅಂದ ಹಾಗೆ, ನಿಮ್ಮ ಶೌಚಗುಂಡಿ ಬಾವಿಯಿಂದ ಎಷ್ಟು ದೂರ ಇದೆ?

ಪ್ರಶ್ನೆ: ಹತ್ತು ಹೆಜ್ಜೆ ಮೇಡಂ. ಬಾವಿಗಿಂತ ಎತ್ತರದಲ್ಲಿದೆ.

ಉತ್ತರ: ಹಾಗಾದರೆ ಪಟ್ಟಿಗೆ ಇಟ್ಟ ದುಡ್ಡನ್ನು ಆ ಗುಂಡಿಯ ಜಾಗ ಬದಲಿಸುವುದಕ್ಕೆ ಹಾಕಿ.