ಎಐ ಉತ್ತರಗಳಲ್ಲಿ ತಾಣ ಕಾಣಿಸಿಕೊಳ್ಳಲು ನೀವು ಏನೇನು ಮಾಡಿದಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಹಳೆಯ ಹೊಲಿಗೆ ಯಂತ್ರಗಳ ದುರಸ್ತಿಯ ಬಗ್ಗೆ ಒಂಬತ್ತು ವರ್ಷಗಳಿಂದ ಒಂದು ತಾಣ ನಡೆಸುತ್ತಿದ್ದೇನೆ. ಸುಮಾರು 300 ಪುಟಗಳಿವೆ. ಗೂಗಲ್ ಹುಡುಕಾಟದಲ್ಲಿ ಅವು ಇಂದಿಗೂ ಮೇಲೆಯೇ ಬರುತ್ತವೆ. ಆದರೆ ಅದೇ ಪ್ರಶ್ನೆಯನ್ನು ಚಾಟ್‌ಜಿಪಿಟಿಗೋ ಪರ್ಪ್ಲೆಕ್ಸಿಟಿಗೋ ಕೇಳಿದರೆ ಬೇರೆಯವರ ಕೊಂಡಿಗಳು ಬರುತ್ತವೆಯೇ ಹೊರತು ನನ್ನದು ಬರುವುದಿಲ್ಲ. ಈ ಕೆಲಸಕ್ಕೆ ಈಗಾಗಲೇ ಕೈಹಾಕಿದವರು ಯಾವುದಕ್ಕೆ ಸಮಯ ಕೊಟ್ಟದ್ದು ಸಾರ್ಥಕವಾಯಿತು, ಯಾವುದು ವ್ಯರ್ಥವಾಯಿತು ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1

ನಮ್ಮದು ಸಂಗೀತ ವಾದ್ಯಗಳ ನಿರ್ವಹಣೆಯ ತಾಣ. ಎರಡು ವರ್ಷಗಳ ಹಿಂದೆ ಅದನ್ನು ಪೂರ್ತಿ ಹೊಸದಾಗಿ ಕಟ್ಟಿಸಿದೆವು. ಓದುಗರ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿದ ಮೇಲಷ್ಟೇ ಪುಟದ ವಿಷಯ ಮೂಡುವಂಥ ರಚನೆ ಅದು. ಗೂಗಲ್ ಜಾವಾಸ್ಕ್ರಿಪ್ಟನ್ನು ಓಡಿಸಿಯೇ ಪುಟವನ್ನು ಓದಿಕೊಳ್ಳುವುದರಿಂದ ಅಲ್ಲಿ ನಮ್ಮ ಸ್ಥಾನ ಕುಸಿಯಲಿಲ್ಲ, ಹಾಗಾಗಿ ಅನುಮಾನವೂ ಬರಲಿಲ್ಲ. ಕೊನೆಗೆ ತಾಣಕ್ಕೆ ಯಾರು ಬಂದು ಏನು ಕೇಳಿದರೆಂದು ದಾಖಲಿಸುವ ಸರ್ವರ್ ಲಾಗ್ ತೆರೆದೆ. ಚಾಟ್‌ಜಿಪಿಟಿಯ ಹುಡುಕಾಟಕ್ಕಾಗಿ ಪುಟಗಳನ್ನು ಓದುವ ಕ್ರಾಲರ್ (ತಾಣಗಳನ್ನು ತಾನಾಗಿ ಓದುವ ತಂತ್ರಾಂಶ) ಆದ ಓಎಐ-ಸರ್ಚ್‌ಬಾಟ್ ದಿನವೂ ಬಂದಿತ್ತು, ಪ್ರತಿ ಸಲವೂ 200, ಅಂದರೆ ಪುಟ ಸಿಕ್ಕಿತು, ಎಂಬ ಸಂಕೇತ ಪಡೆದು ಹೋಗಿತ್ತು. ಆದರೆ ಯಾವ ಪುಟ ಕೇಳಿದರೂ ಅದಕ್ಕೆ ಸಿಕ್ಕಿದ್ದು ಅದೇ 4 ಕಿಲೋಬೈಟ್. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿ ನಮ್ಮದೇ ಪುಟವನ್ನು ತೆರೆದಾಗ ಮೇಲೆ ಲಾಂಛನ, ಕೆಳಗೆ ‘ದಯವಿಟ್ಟು ಕಾಯಿರಿ’ ಎಂಬ ಎರಡು ಪದ, ನಡುವೆ ಬರೀ ಬಿಳಿ ಹಾಳೆ. ಚಾಟ್‌ಜಿಪಿಟಿ, ಕ್ಲಾಡ್, ಪರ್ಪ್ಲೆಕ್ಸಿಟಿಗಳ ಕ್ರಾಲರ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ ಎಂಬುದು ನನಗೆ ಆ ದಿನ ಅರ್ಥವಾಯಿತು.

ಪುಟಗಳು ಸರ್ವರಿನಲ್ಲೇ ಸಿದ್ಧವಾಗುವಂತೆ ಮಾಡಲು ಇಬ್ಬರು ಪ್ರೋಗ್ರಾಮರ್‌ಗಳಿಗೆ 11 ವಾರ ಹಿಡಿಯಿತು. ಇಡೀ ವರ್ಷದ ನಿರ್ವಹಣೆಗೆಂದು ತೆಗೆದಿಟ್ಟ ಹಣ ಏಳನೆಯ ವಾರಕ್ಕೇ ಮುಗಿದಿತ್ತು. ನಡುವೆ 140 ಹಳೆಯ ವಿಳಾಸಗಳು ಒಂಬತ್ತು ದಿನ 404 (ಪುಟ ಇಲ್ಲ) ತೋರಿಸಿದವು, ಓದುಗರ ಟಿಪ್ಪಣಿಗಳು ಎರಡು ಬಾರಿ ಅಳಿಸಿಹೋಗಿ ಬ್ಯಾಕಪ್‌ನಿಂದ ತರಬೇಕಾಯಿತು. ಆದರೂ ಮೂರನೆಯ ತಿಂಗಳಲ್ಲಿ, ಭೇಟಿ ಎಲ್ಲಿಂದ ಬಂತೆಂದು ತಿಳಿಸಲು ಚಾಟ್‌ಜಿಪಿಟಿ ತನ್ನ ಕೊಂಡಿಗಳಿಗೆ ಸೇರಿಸುವ ಯುಟಿಎಂ ಗುರುತು ಹೊತ್ತ ಭೇಟಿಗಳು ಲಾಗ್‌ನಲ್ಲಿ ಕಾಣಿಸತೊಡಗಿದವು. ಮೊದಲು ಇದನ್ನು ಸರಿಪಡಿಸದೆ ಉಳಿದ ಯಾವ ಕೆಲಸಕ್ಕೂ ಕೈಹಾಕಬಾರದು.

ಉತ್ತರ 2

ಮೇಲಿನವರಿಗೆ ಇಬ್ಬರು ಪ್ರೋಗ್ರಾಮರ್‌ಗಳಾದರೂ ಇದ್ದರು, ನಾನು ಒಬ್ಬಳೇ. ನನ್ನ ಪುಟಗಳು ಮೊದಲಿನಿಂದಲೂ ಸರಳ ಎಚ್‌ಟಿಎಂಎಲ್. ಆದರೂ ಉತ್ತರಗಳಲ್ಲಿ ಹೆಸರಿರಲಿಲ್ಲ ಎಂದು ಒಬ್ಬ ಸಲಹೆಗಾರರನ್ನು ಹಿಡಿದೆ. ತಾಣವನ್ನು ಎರಡು ವರ್ಷ ನಡೆಸಲು ಸಾಕಾಗುವಷ್ಟು ಹಣ ಪಡೆದು ಅವರು ಮಾಡಿಕೊಟ್ಟದ್ದು ತಾಣದಲ್ಲಿ ಏನೇನಿದೆ ಎಂದು ಎಐಗೆ ತಿಳಿಸುವ ಒಂದು ಎಲ್‌ಎಲ್‌ಎಂಎಸ್ ಕಡತ (llms.txt) ಮತ್ತು ಪುಟ ಯಾವುದರ ಬಗ್ಗೆ ಎಂದು ಯಂತ್ರಗಳಿಗೆ ಹೇಳುವ ಸ್ಕೀಮಾ ಗುರುತು, ಅದೂ ಪ್ರತಿ ಪುಟಕ್ಕೂ. ಆ ಎಲ್‌ಎಲ್‌ಎಂಎಸ್ ಕಡತ 2024ರ ಸೆಪ್ಟೆಂಬರಿನಲ್ಲಿ ಎಐ ಸಂಶೋಧಕ ಜೆರೆಮಿ ಹೋವರ್ಡ್ ಮುಂದಿಟ್ಟ ಒಂದು ಪ್ರಸ್ತಾವ ಮಾತ್ರ. ಹುಡುಕಾಟಕ್ಕೆ ತಾವು ಅದನ್ನು ಬಳಸುವುದಿಲ್ಲವೆಂದು ಗೂಗಲ್‌ನವರೇ ಹೇಳಿದ್ದಾರೆ. ಐದು ತಿಂಗಳ ಲಾಗ್ ತೆಗೆದು ಸಾಲು ಸಾಲಾಗಿ ನೋಡಿದೆ. ಆ ಕಡತವನ್ನು ಕೇಳಿದವರು 19 ಸಲ ನಾನು, ಉಳಿದಂತೆ ಆ ಸಲಹೆಗಾರರ ತಪಾಸಣಾ ತಂತ್ರಾಂಶ. ಒಂದು ಸಾಲೂ ಎಐ ಕ್ರಾಲರಿನದಲ್ಲ.

ನನಗೆ ಉಪಯೋಗವಾದದ್ದು ಬರವಣಿಗೆಯನ್ನು ತಿದ್ದಿದ್ದು. ಎಐ ಉತ್ತರಗಳಲ್ಲಿ ಕಾಣಿಸಿಕೊಳ್ಳುವಂತೆ ಪುಟಗಳನ್ನು ತಿದ್ದುವ ಕೆಲಸಕ್ಕೆ ಜನರೇಟಿವ್ ಎಂಜಿನ್ ಆಪ್ಟಿಮೈಸೇಶನ್ ಎಂಬ ಹೆಸರನ್ನು ಬಳಕೆಗೆ ತಂದ 2023ರ ಸಂಶೋಧನಾ ಪ್ರಬಂಧದಲ್ಲಿ, ಅಂಕಿಅಂಶ, ಉಲ್ಲೇಖ, ಆಕರಗಳನ್ನು ಸೇರಿಸಿದ ಪುಟಗಳಿಗೆ ಉತ್ತರಗಳಲ್ಲಿ ಹೆಚ್ಚು ಜಾಗ ಸಿಕ್ಕಿತೆಂದೂ ಕೀವರ್ಡ್ (ಹುಡುಕಾಟದ ಪದಗಳು) ತುರುಕಿದ್ದರಿಂದ ಪ್ರಯೋಜನವಾಗಲಿಲ್ಲವೆಂದೂ ಇದೆ. ಅದನ್ನು ಓದಿ 62 ಪುಟಗಳನ್ನು ಮತ್ತೆ ಬರೆದೆ, ಪುಟಕ್ಕೆ ಸರಾಸರಿ ಮೂರು ಗಂಟೆ. ಹಿಂದೆ ಪೀಠಿಕೆಯೇ ಎರಡು ಪ್ಯಾರಾ ಇರುತ್ತಿತ್ತು. ಈಗ ಪ್ರಶ್ನೆಯೇ ಉಪಶೀರ್ಷಿಕೆ, ಅದರ ಕೆಳಗಿನ ಮೊದಲ ವಾಕ್ಯದಲ್ಲೇ ಅಳತೆಸಹಿತ ಉತ್ತರ. ಪರ್ಪ್ಲೆಕ್ಸಿಟಿ ಈಗ ನನ್ನ ಪುಟಗಳನ್ನು ಆಗಾಗ ಉಲ್ಲೇಖಿಸುತ್ತದೆ.

ಉತ್ತರ 3

ಇಬ್ಬರೂ ಯಾರಿಗಾಗಿ ಇಷ್ಟು ದುಡಿದಿರಿ ಎಂದು ಕೇಳಬೇಕೆನಿಸುತ್ತದೆ. 2025ರ ಮಾರ್ಚ್ ತಿಂಗಳ ಗೂಗಲ್ ಹುಡುಕಾಟಗಳನ್ನು ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದಲ್ಲಿ ಪರಿಶೀಲಿಸಿದಾಗ, ಫಲಿತಾಂಶಗಳ ಜೊತೆ ಗೂಗಲ್ ತೋರಿಸುವ ಎಐ ಸಾರಾಂಶ ಕಾಣಿಸಿದ ಭೇಟಿಗಳಲ್ಲಿ ಸಾಮಾನ್ಯ ಫಲಿತಾಂಶದ ಕೊಂಡಿಯನ್ನು ಒತ್ತಿದ್ದು ಶೇ. 8ರಷ್ಟರಲ್ಲಿ ಮಾತ್ರ, ಸಾರಾಂಶವಿಲ್ಲದ ಕಡೆ ಅದು ಶೇ. 15 ಇತ್ತು. ಸಾರಾಂಶದೊಳಗಿನ ಕೊಂಡಿಯನ್ನೇ ಒತ್ತಿದ್ದು ಶೇ. 1. ನಾನು ಹದಿನಾಲ್ಕು ವರ್ಷ ಕೈಯಾರೆ ಬಿಡಿಸಿದ ಗಿಡಗಳ ರೇಖಾಚಿತ್ರಗಳು, ಅವುಗಳ ವಿವರಣೆಗಳು ನನ್ನ ತಾಣದಲ್ಲಿವೆ. ನನ್ನ ವಾಕ್ಯಗಳನ್ನೇ ಕ್ರಮ ಬದಲಿಸಿ ಓದುಗರಿಗೆ ಕೊಟ್ಟು, ಅವರು ನನ್ನ ಬಾಗಿಲಿಗೆ ಬರದಂತೆ ಮಾಡುವವರಿಗೆ ನಾನೇ ಅದನ್ನು ಸುಲಭ ಮಾಡಿಕೊಡಬೇಕೇ? ಜಿಪಿಟಿಬಾಟ್, ಕ್ಲಾಡ್‌ಬಾಟ್, ಗೂಗಲ್-ಎಕ್ಸ್‌ಟೆಂಡೆಡ್ ಎಲ್ಲವನ್ನೂ, ಕ್ರಾಲರ್‌ಗಳು ಯಾವುದನ್ನು ಓದಬಾರದೆಂದು ಹೇಳುವ ರೋಬಾಟ್ಸ್ ಕಡತದಲ್ಲಿ ನಿರ್ಬಂಧಿಸಿದ್ದೇನೆ. ಗೂಗಲ್‌ನ ಎಐ ಸಾರಾಂಶದಿಂದಲೂ ಹೊರಬಂದಿದ್ದೇನೆ. ನೆಮ್ಮದಿಯಾಗಿದ್ದೇನೆ.

ಉತ್ತರ 4

ಮೂರನೆಯವರು ಬರೆದದ್ದರಲ್ಲಿ ಒಂದು ದೊಡ್ಡ ತಪ್ಪಿದೆ, ಅದನ್ನು ನಂಬಿ ಬೇರೆಯವರು ಕೆಡಬಾರದು. ಗೂಗಲ್-ಎಕ್ಸ್‌ಟೆಂಡೆಡ್ ನಿರ್ಬಂಧಿಸಿದರೆ ಗೂಗಲ್‌ನ ಎಐ ಆದ ಜೆಮಿನಿಯ ತರಬೇತಿಯಂಥ ಬಳಕೆಗೆ ತಡೆಯಾಗುತ್ತದೆಯೇ ವಿನಾ ಹುಡುಕಾಟದ ಎಐ ಸಾರಾಂಶಕ್ಕೆ ಆಗುವುದಿಲ್ಲ. ಅದಕ್ಕೆ ಪುಟಗಳನ್ನು ತರುವುದು ಎಂದಿನ ಗೂಗಲ್‌ಬಾಟ್. ಅಲ್ಲಿಂದ ಹೊರಬರಲು ಪುಟದ ತುಣುಕನ್ನು ತೋರಿಸಬೇಡಿ ಎಂದು ಗೂಗಲ್‌ಗೆ ಹೇಳುವ ನೋಸ್ನಿಪೆಟ್ ಎಂಬ ಗುರುತು ಹಾಕಬೇಕು. ಹಾಕಿದರೆ ಸಾಮಾನ್ಯ ಫಲಿತಾಂಶದ ಕೆಳಗಿನ ಎರಡು ಸಾಲು ವಿವರಣೆಯೂ ಹೋಗುತ್ತದೆ.

ಇದನ್ನು ಇಷ್ಟು ಖಾರವಾಗಿ ಬರೆಯಲು ಕಾರಣವಿದೆ. ನಾನೂ 2023ರಲ್ಲಿ ಹೀಗೆಯೇ ಸಿಟ್ಟಿನಲ್ಲಿ ಎಲ್ಲವನ್ನೂ ಮುಚ್ಚಿದವನು. ಜಿಪಿಟಿಬಾಟ್ ತರಬೇತಿಗೆ, ಓಎಐ-ಸರ್ಚ್‌ಬಾಟ್ ಹುಡುಕಾಟಕ್ಕೆ, ಎರಡನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಬಹುದು ಎಂದು ತಿಳಿಯುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ರೋಬಾಟ್ಸ್ ಕಡತವನ್ನು ತಿದ್ದಿದೆ, ಏನೂ ಆಗಲಿಲ್ಲ. ಆರು ವಾರ ಕಾದ ಮೇಲೆ ನೋಡಿದರೆ, ತಾಣದ ಮುಂದಿದ್ದ ರಕ್ಷಣಾ ಸೇವೆ ಆ ಕ್ರಾಲರ್‌ಗಳಿಗೆಲ್ಲ 403 (ಪ್ರವೇಶ ಇಲ್ಲ) ಕೊಟ್ಟು ವಾಪಸು ಕಳಿಸುತ್ತಿತ್ತು. ಆ ಸೇವೆ ತಡೆದದ್ದು ನನ್ನ ಸರ್ವರ್ ಲಾಗ್‌ನಲ್ಲಿ ದಾಖಲಾಗುವುದೇ ಇಲ್ಲ, ಅವರ ಫಲಕದಲ್ಲೇ ಹೋಗಿ ನೋಡಬೇಕು. ಹಾಗಾಗಿ ಲಾಗ್ ಒಂದನ್ನೇ ನಂಬಿ ತೀರ್ಪು ಕೊಟ್ಟ ಎರಡನೆಯ ಮೇಡಂ ಕೂಡ ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಉತ್ತರ 2, ಮತ್ತೆ

ನನ್ನ ತಾಣದ ಮುಂದೆ ಅಂಥ ಯಾವ ಸೇವೆಯೂ ಇಲ್ಲ. ಎಚ್‌ಟಿಎಂಎಲ್ ಕಡತಗಳು ನೇರವಾಗಿ ಒಂದೇ ಸರ್ವರಿನಲ್ಲಿವೆ, ಅದರ ಲಾಗ್‌ನಲ್ಲಿ ಕ್ಲಾಡ್‌ಬಾಟ್ ಪುಟಗಳನ್ನು ಕೇಳಿದ್ದೂ ಇದೆ, ಆ ಎಲ್‌ಎಲ್‌ಎಂಎಸ್ ಕಡತವನ್ನು ಮಾತ್ರ ಕೇಳಿಲ್ಲ. ನನ್ನ ಐದು ತಿಂಗಳ ಲೆಕ್ಕವನ್ನು ನೋಡದೆ ಅನುಮಾನಿಸುವುದು ಸರಿಯಲ್ಲ.

ಉತ್ತರ 1, ಮತ್ತೆ

ಯಾರಿಗಾಗಿ ದುಡಿದಿರಿ ಎಂದು ಕೇಳಿದ್ದಕ್ಕೆ ಉತ್ತರ: ಕೊಳಲಿನ ಬಿರುಕಿಗೆ ಯಾವ ಎಣ್ಣೆ ಹಚ್ಚಬಾರದು ಎಂಬ ವಿಷಯದಲ್ಲಿ ಎಐ ತಪ್ಪು ಹೇಳುತ್ತಿತ್ತು, ಈಗ ನಮ್ಮ ಪುಟವನ್ನು ತೋರಿಸಿ ಸರಿಯಾಗಿ ಹೇಳುತ್ತದೆ. ಭೇಟಿ ಬರದಿದ್ದರೂ ಆ ಕೊಳಲು ಉಳಿಯುತ್ತದೆ. ನನಗೆ ಅದು ಮುಖ್ಯ.

ಉತ್ತರ 3, ಮತ್ತೆ

ನಿಮಗೆ ಮುಖ್ಯ, ಏಕೆಂದರೆ ನಿಮ್ಮ ಜೀವನ ಆ ಭೇಟಿಗಳ ಮೇಲೆ ನಿಂತಿಲ್ಲ. ನನ್ನದು ನಿಂತಿದೆ.

ನಾಲ್ಕನೆಯವರು ಹೇಳಿದ್ದನ್ನು ಪರಿಶೀಲಿಸಿದೆ. ಅವರ ಮಾತು ನಿಜ, ನನ್ನ ಎಂಟು ಪುಟಗಳು ಸಾರಾಂಶಗಳಲ್ಲಿ ಬರುತ್ತಲೇ ಇದ್ದವು. ಇಡೀ ಪುಟಕ್ಕೆ ನೋಸ್ನಿಪೆಟ್ ಹಾಕುವ ಬದಲು ಡೇಟಾ-ನೋಸ್ನಿಪೆಟ್ ಎಂಬ ಗುರುತನ್ನು ಚಿತ್ರಗಳ ಕೆಳಗಿನ ವಿವರಣೆಗೆ ಮಾತ್ರ ಹಾಕಬಹುದು ಎಂಬುದೂ ತಿಳಿಯಿತು. ಇವತ್ತು ರಾತ್ರಿ ಆ ಎಂಟು ಪುಟಗಳಿಗೆ ಹಾಕುತ್ತೇನೆ. ಉಳಿದ ನಿರ್ಬಂಧಗಳನ್ನು ಮಾತ್ರ ತೆಗೆಯುವುದಿಲ್ಲ.